ಮೊಣಕೈ ಅಳತೆ

ಜನವರಿ ೮

ಹೊಲಿಗೆ ಅಂಗಡಿಯ ಯಜಮಾನಿ ಹೊಸ ವರ್ಷಕ್ಕೆಂದು ಕೊಟ್ಟ ಡೈರಿ ಇದು. ಮೊದಲ ವಾರ ಖಾಲಿ ಬಿಟ್ಟೆ. ನನಗೆ ಬರೆಯುವ ಚಟವೇನಿಲ್ಲ. ಆದರೆ ಮಾತು ನುಂಗಿ ನುಂಗಿ ಹೊಟ್ಟೆ ಉಬ್ಬಿಹೋಗಿದೆ. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಗೋಡೆಗೆ ಆ ಕಷ್ಟವಿಲ್ಲ, ಅತ್ತೆ ಇದ್ದಾರೆ.

ಇವತ್ತು ನಮ್ಮ ಮನೆಗೆ ಪಾಯ ತೋಡಿದರು. ಇಲ್ಲಿಂದ ಎರಡು ಬೀದಿ ಆಚೆ, ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಸಣ್ಣ ಜಾಗ. ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ, ಬಚ್ಚಲು. ಗಂಡ ಹೆಂಡತಿ ಇಬ್ಬರಿಗೆ ಧಾರಾಳವಾಯಿತು. ನಕ್ಷೆ ಬರೆಸುವಾಗ ಇವರು "ಇನ್ನೊಂದು ಪುಟ್ಟ ಕೋಣೆ ಇರ್ಲಾ?" ಎಂದು ತಲೆ ಕೆರೆದುಕೊಂಡರು. "ಯಾರಿಗೆ?" ಎಂದೆ. ಕೆರೆಯುವುದು ನಿಂತಿತು. ಅತ್ತೆ ಹಳೆಯ ಮನೆಯಲ್ಲೇ ಭಾವ ಮತ್ತು ಓರಗಿತ್ತಿ ಅಕ್ಕನ ಜೊತೆ ಇರುತ್ತಾರೆ. ಅದು ಎಂದೋ ತೀರ್ಮಾನವಾದ ಮಾತು.

ನನಗೆ ಬೇಕಾಗಿರುವುದು ಒಂದೇ. ನನ್ನದು ಎನ್ನುವ ಅಡುಗೆಮನೆ. ಮದುವೆಯಾದಾಗಿನಿಂದ ಅತ್ತೆಯ ಅಡುಗೆಮನೆಯಲ್ಲಿ ಕೈಯಾಳಿನಂತೆ ಇದ್ದೇನೆ. ಉಪ್ಪಿನ ಡಬ್ಬಿ ಎಲ್ಲಿರಬೇಕು ಎನ್ನುವುದನ್ನೂ ಅವರೇ ಹೇಳಬೇಕು. ಅವರು ನನಗಿಂತ ಒಂದು ಗೇಣು ಕುಳ್ಳು. ಆದರೆ ಒಲೆಯ ಮುಂದೆ ಒಂದು ಮರದ ಮಣೆ ಇಟ್ಟುಕೊಂಡಿದ್ದಾರೆ, ಅದರ ಮೇಲೆ ನಿಂತೇ ಅಡುಗೆ. ಆಗ ನನ್ನ ಸಮಕ್ಕೆ ಬರುತ್ತಾರೆ, ಕಣ್ಣಿಗೆ ಕಣ್ಣಿಟ್ಟು ಬೈಯಲು ಅನುಕೂಲ. ಆ ಮಣೆಗೆ ಎಡವಿ ನನ್ನ ಹೆಬ್ಬೆರಳಿನ ಉಗುರು ಎರಡು ಸಲ ಹಾರಿಹೋಗಿದೆ.

ಹೊಸ ಮನೆಯಲ್ಲಿ ಮಣೆ ಇರುವುದಿಲ್ಲ. ಇದನ್ನು ಬರೆಯುವಾಗಲೇ ಎಷ್ಟು ಹಿತವಾಗುತ್ತಿದೆ!

ಜನವರಿ ೧೮

ಭಾನುವಾರ. ಎಲ್ಲರೂ ಕೆಲಸಕ್ಕೆ ಇಳಿದಿದ್ದೆವು. ಮೇಸ್ತ್ರಿಯೊಬ್ಬರನ್ನು ಬಿಟ್ಟರೆ ಕೂಲಿಗೆ ಬೇರೆ ಯಾರೂ ಇಲ್ಲ. ಉಳಿದದ್ದೆಲ್ಲ ಮನೆಯವರ ರಟ್ಟೆ. ಇವರು ಮರಳು ಜರಡಿ ಹಿಡಿದರು, ನನ್ನ ತಮ್ಮ ಇಟ್ಟಿಗೆ ಹೊತ್ತ. ಭಾವ ಬಾಗಿಲು ಚೌಕಟ್ಟು ತಾನೇ ಮಾಡುತ್ತೇನೆಂದು ಮರಕ್ಕೆ ಉಜ್ಜುಗೊರಡು ಹಾಕುತ್ತ ಕೂತಿದ್ದರು. ನಾನು ಗಾರೆ ಕಲಸಿ ಕೊಟ್ಟೆ. ಬಟ್ಟೆ ಕತ್ತರಿಸುವ ಕೈ ಇದು, ಸಂಜೆಗೆ ಬೊಬ್ಬೆ ಎದ್ದಿತ್ತು. ಆದರೂ ಖುಷಿ.

ಅಷ್ಟರಲ್ಲಿ ಬೀದಿ ತುದಿಯಲ್ಲಿ ಅತ್ತೆ. ಕೈಯಲ್ಲಿ ಬಕೆಟ್ಟು, ಅದರೊಳಗೊಂದು ತಂಬಿಗೆ.

"ಕಟ್ಟಿದ ಗೋಡೆಗೆ ನೀರು ಹಾಕೋರು ಯಾರು?" ಎಂದರು.

ಮೇಸ್ತ್ರಿ, "ಅದೇ ನಾನೂ ಕೇಳ್ಬೇಕು ಅಂತಿದ್ದೆ ಅಮ್ಮ. ದಿನಾ ಬೆಳಿಗ್ಗೆ ಸಂಜೆ ನೀರು ಕುಡಿಸಿಲ್ಲ ಅಂದ್ರೆ ಸಿಮೆಂಟು ಸೀಳು ಬಿಡುತ್ತೆ" ಎಂದರು.

"ನಾನಿದ್ದೀನಲ್ಲ" ಎಂದರು ಅತ್ತೆ.

ನನಗೆ ಒಳಗೇ ಉರಿಯಿತು. ಹಳೆಯ ಮನೆಯಿಂದ ತಪ್ಪಿಸಿಕೊಳ್ಳಲೆಂದು ಹೊಸದು ಕಟ್ಟಿದರೆ, ಗೋಡೆ ನೆಟ್ಟಗೆ ಏಳುವ ಮೊದಲೇ ಹಾಜರ್! ಇವರ ಕಡೆ ನೋಡಿದೆ. ಇವರು ಜರಡಿಯೊಳಗಿನ ಮರಳನ್ನು ಅದೆಷ್ಟು ಶ್ರದ್ಧೆಯಿಂದ ನೋಡುತ್ತಿದ್ದರೆಂದರೆ ಅದರಲ್ಲಿ ಮುತ್ತು ಹುಡುಕುತ್ತಿರಬೇಕು.

ಫೆಬ್ರವರಿ ೩

ಅಂಗಡಿ ಮುಗಿಸಿ ಮನೆ ಕಟ್ಟುವ ಜಾಗಕ್ಕೆ ಹೋದೆ. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ. ಅತ್ತೆ ಒಂದೊಂದೇ ತಂಬಿಗೆ ನೀರನ್ನು ಗೋಡೆಯ ಮೇಲಿಂದ ಇಳಿಸುತ್ತಿದ್ದರು, ಮಗುವಿಗೆ ತಲೆಸ್ನಾನ ಮಾಡಿಸುವ ಹಾಗೆ. ಮೂಲೆಯಲ್ಲಿ ಒಂದು ಕಡೆ ಒಣಗಿದ್ದು ಕಂಡು ಮೇಸ್ತ್ರಿಯನ್ನು ಕರೆದು "ಇಲ್ಲಿ ಮರಳು ಜಾಸ್ತಿ ಆಗಿದೆ, ನೀರು ಹೀರ್ತಾನೇ ಇದೆ" ಎಂದರು. ಮೇಸ್ತ್ರಿ ಮುಟ್ಟಿ ನೋಡಿ ಎರಡು ಸಾಲು ಕಿತ್ತು ಮತ್ತೆ ಕಟ್ಟಿದರು.

ಮನೆಯಲ್ಲಿ ನನ್ನ ಅಡುಗೆಗೆ ಹೇಳುವ ಮಾತನ್ನೇ ಇಲ್ಲಿ ಗೋಡೆಗೆ ಹೇಳುತ್ತಿದ್ದಾರೆ. ಮೇಸ್ತ್ರಿ ಪಾಪ.

ಫೆಬ್ರವರಿ ೧೫

ತಮ್ಮ ವೈರಿಂಗ್ ಪೈಪು ಹಾಕಿದ. ಅವನು ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಮೋಟಾರು ರಿಪೇರಿ ಮಾಡುವವನು. ಕೋಣೆಯ ಸ್ವಿಚ್ಚನ್ನು ಸರಿಯಾಗಿ ಬಾಗಿಲು ತೆರೆದರೆ ಮರೆಯಾಗುವ ಕಡೆ ಕೂರಿಸಿದ್ದಾನೆ. ಒಳಗೆ ಹೋಗಿ, ಬಾಗಿಲು ಹಾಕಿ, ಕತ್ತಲೆಯಲ್ಲಿ ತಡಕಿ ದೀಪ ಹಾಕಬೇಕು. "ಅಕ್ಕಾ, ಕಳ್ಳ ಬಂದ್ರೆ ಅವನಿಗೆ ಸ್ವಿಚ್ಚೇ ಸಿಗಲ್ಲ" ಎಂದ. ಅತ್ತೆ ಬಕೆಟ್ಟು ಕೆಳಗಿಟ್ಟು ನಕ್ಕರು. ನಾನೂ ನಕ್ಕೆ. ಇಬ್ಬರೂ ಒಂದೇ ಮಾತಿಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಮಾರ್ಚ್ ೧

ಇವತ್ತು ತಾರಸಿ ಹಾಕಿದೆವು. ಕೈಯಿಂದ ಕೈಗೆ ಕಾಂಕ್ರೀಟಿನ ಬಾಣಲೆ ದಾಟಿಸಿ ದಾಟಿಸಿ ಭುಜ ಬಿದ್ದುಹೋಗಿದೆ. ಅಕ್ಕ ಎಲ್ಲರಿಗೂ ಚಹಾ ತಂದುಕೊಟ್ಟಳು. ಬರೆಯಲು ಬೆರಳು ಮಡಚುತ್ತಿಲ್ಲ.

ಮಾರ್ಚ್ ೪

ತಾರಸಿಯ ಮೇಲೆ ಮಣ್ಣಿನ ಪುಟ್ಟ ಬದು ಕಟ್ಟಿ ನೀರು ನಿಲ್ಲಿಸಬೇಕು. ಆ ಕೆಲಸಕ್ಕೆ ಅತ್ತೆ ಬಿದಿರಿನ ಏಣಿ ಹತ್ತಿದ್ದಾರೆ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು! ನಾನು ಕೆಳಗಿನಿಂದ ಕೂಗಿಕೊಂಡೆ.

"ಅತ್ತೇ, ಇಳೀರಿ! ಬಿದ್ರೆ ಏನು ಗತಿ?"

"ಬಿದ್ರೆ ನಿನ್ನ ಮನೆ ಮೇಲೇ ತಾನೇ ಬೀಳೋದು. ಬೇರೆಯವರ ಮನೆ ಮೇಲೆ ಅಲ್ವಲ್ಲ."

ಈ ಬಾಯಿಗೆ ಬೀಗ ಹಾಕುವವರು ಹುಟ್ಟಿಲ್ಲ. ಅವರು ಇಳಿಯುವ ತನಕ ಏಣಿ ಹಿಡಿದುಕೊಂಡೇ ನಿಂತೆ. ಏನಾದರೂ ಆದರೆ ಜನ ಸೊಸೆಯನ್ನೇ ಅಲ್ಲವೇ ಆಡಿಕೊಳ್ಳುವುದು? ಅದಕ್ಕೆ. ಸಂಜೆ ಇವರಿಗೆ ಹೇಳಿ ಹೊಸ ಪೈಪು ತರಿಸಿದೆ, ನಲ್ಲಿಯಿಂದ ತಾರಸಿಗೆ ಮುಟ್ಟುವಷ್ಟು ಉದ್ದದ್ದು.

ಮಾರ್ಚ್ ೨೮

ಸಿಟ್ಟಿಗೆ ಪೆನ್ನು ಒತ್ತಿ ಒತ್ತಿ ಹಾಳೆ ಹರಿಯುತ್ತಿದೆ.

ಶಾಲೆಗಳ ಸಮವಸ್ತ್ರದ ಕೆಲಸ ಎಂದು ಈ ವಾರವೆಲ್ಲ ಅಂಗಡಿಯಿಂದ ಬರುವುದು ತಡವಾಗುತ್ತಿತ್ತು. ಮನೆಯ ಕಡೆ ಹೋಗಲೇ ಆಗಿರಲಿಲ್ಲ. ಇವತ್ತು ಹೋದೆ. ಅಡುಗೆ ಕಟ್ಟೆ ಮುಗಿದಿದೆ, ಮೇಲೆ ಕಪ್ಪು ಕಲ್ಲು ಹಾಸಿ ಕೂರಿಸಿಯೂ ಆಗಿದೆ. ಮಿಣಮಿಣ ಹೊಳೆಯುತ್ತಿತ್ತು. ಓಡಿಹೋಗಿ ಮುಂದೆ ನಿಂತೆ. ಕಟ್ಟೆ ನನ್ನ ತೊಡೆಯ ಹತ್ತಿರ ಇದೆ. ತರಕಾರಿ ಹೆಚ್ಚುವ ಹಾಗೆ ಕೈ ಇಟ್ಟೆ, ಬೆನ್ನು ಕುಡುಗೋಲಿನ ಹಾಗೆ ಬಾಗಿತು.

"ಇದೇನ್ರೀ ಇದು, ಗೊಂಬೆಯಾಟಕ್ಕೆ ಕಟ್ಟಿದ್ದಾ?" ಎಂದೆ ಮೇಸ್ತ್ರಿಗೆ.

ಮೇಸ್ತ್ರಿಗೆ ಅರ್ಥವಾಗಲಿಲ್ಲ. ಅವರದೊಂದು ಕ್ರಮವಂತೆ. ಅಡುಗೆ ಕಟ್ಟೆಗೆ ಟೇಪು ಹಿಡಿಯುವುದಿಲ್ಲ. ಅಡುಗೆ ಮಾಡುವವರನ್ನೇ ನಿಲ್ಲಿಸಿ, ಮೊಣಕೈ ಮಡಚಲು ಹೇಳಿ, ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಗೋಡೆಯ ಮೇಲೆ ಗೆರೆ ಎಳೆಯುತ್ತಾರೆ. "ಅಮ್ಮನ ಅಳತೇನೇ ಹಿಡಿದಿದ್ದು ಅಕ್ಕ. ದಿನಾ ಬೆಳಿಗ್ಗೆ ಸಂಜೆ ಅವರೇ ತಾನೇ ಇಲ್ಲಿರೋದು? ಮನೆ ಅಡುಗೆ ಅವರದೇ ಅಂದ್ಕೊಂಡೆ."

ನಾನು ದರ್ಜಿ. ಈ ಊರಿನ ಅರ್ಧ ಹೆಂಗಸರ ಭುಜ, ತೋಳು, ಸೊಂಟದ ಅಳತೆ ನನಗೆ ಬಾಯಿಪಾಠ. ನನ್ನ ಸ್ವಂತ ಅಡುಗೆಮನೆಗೆ ಮಾತ್ರ ಅತ್ತೆಯ ಮೊಣಕೈ!

ಅತ್ತೆ ಹಿತ್ತಲ ಗೋಡೆಗೆ ನೀರು ಹಾಕುತ್ತಿದ್ದರು. ಎದುರಿಗೆ ಹೋಗಿ ನಿಂತೆ. "ನೀವಾದ್ರೂ ಹೇಳ್ಬೇಕಿತ್ತಲ್ವಾ ಅತ್ತೆ, ಅಡುಗೆ ಮಾಡೋದು ನಾನಲ್ಲ, ಸೊಸೆ ಅಂತ?"

"ನಿಲ್ಲಿ ಅಂದ್ರು, ನಿಂತೆ. ಮೊಣಕೈ ಮಡಚಿ ಅಂದ್ರು, ಮಡಚಿದೆ" ಎಂದರು. ತಂಬಿಗೆಯ ನೀರು ನೆಲಕ್ಕೆ ಸುರಿಯುತ್ತಿತ್ತು, ಅವರು ನೋಡಲಿಲ್ಲ.

"ಒಡೆಸ್ತೀನಿ" ಎಂದೆ. "ಇದು ನನ್ನ ಮನೆ. ಇದೊಂದಾದ್ರೂ ನನ್ನ ಅಳತೆಗೆ ಇರ್ಲಿ."

ಹೇಳಿಯೇಬಿಟ್ಟೆ. ಎಷ್ಟೋ ವರ್ಷದಿಂದ ಒಳಗೇ ಇಟ್ಟುಕೊಂಡಿದ್ದ ಮಾತು. ಅತ್ತೆ ಬಗ್ಗಿ ತಂಬಿಗೆಗೆ ಮತ್ತೆ ನೀರು ತುಂಬಿಕೊಂಡು ಗೋಡೆಯ ಕಡೆ ತಿರುಗಿದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೨೯

ಕಲ್ಲು ಕತ್ತರಿಸುವ ಯಂತ್ರ ಬೇರೆ ಕಡೆ ಹೋಗಿದೆಯಂತೆ. ಮುಂದಿನ ಭಾನುವಾರ ಬಂದು ಒಡೆಯುತ್ತಾರೆ. ಇವರು "ಇರ್ಲಿ ಬಿಡೇ, ಕಾಲಕ್ರಮೇಣ ಅಭ್ಯಾಸ ಆಗುತ್ತೆ" ಎಂದರು. ಇವರ ಪ್ಯಾಂಟನ್ನು ಮೊಣಕಾಲಿನವರೆಗೆ ಕತ್ತರಿಸಿ ಕಾಲಕ್ರಮೇಣ ಅಭ್ಯಾಸ ಮಾಡಿಸುತ್ತೇನೆ, ತಡೆಯಿರಿ.

ಮಾರ್ಚ್ ೩೧

ಮಾತುಕತೆ ಇಲ್ಲ. ಅತ್ತೆ ನೀರು ಹಾಕಲು ಮಾತ್ರ ಹೋಗಿಬರುತ್ತಿದ್ದಾರೆ.

ಏಪ್ರಿಲ್ ೨

ಬೆಳಿಗ್ಗೆ ಅಂಗಡಿಗೆ ರಜೆ. ಹಲ್ಲುಜ್ಜಿ ಅಡುಗೆಮನೆಗೆ ಹೋದೆ. ಅತ್ತೆ ಒಲೆಯ ಮುಂದೆ ತುದಿಗಾಲಿನಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಕಟ್ಟೆಯ ಅಂಚು ಹಿಡಿದು, ಇನ್ನೊಂದು ಕೈಯನ್ನು ಭುಜದವರೆಗೆ ಎತ್ತಿ ಪಾತ್ರೆಯಲ್ಲಿ ಸೌಟಾಡಿಸುತ್ತಿದ್ದರು. ಒಳಗೆ ಏನು ಬೇಯುತ್ತಿದೆ ಎಂದು ಅವರಿಗೆ ಕಾಣುವಂತೆಯೇ ಇರಲಿಲ್ಲ. ಎಣ್ಣೆ ಸಿಡಿದು ಮುಂಗೈಯಲ್ಲಿ ಕೆಂಪು ಚುಕ್ಕೆಗಳು.

"ಮಣೆ ಎಲ್ಲಿ?" ಎಂದೆ. ಐದು ದಿನದ ಮೇಲೆ ಆಡಿದ ಮೊದಲ ಮಾತು.

"ಮೇಸ್ತ್ರಿಗೆ ಕೊಟ್ಟೆ. ಕಿಟಕಿ ಮೇಲ್ಗಡೆ ಗಾರೆ ಬಳಿಯೋಕೆ ಕೈಗೆ ಎಟುಕ್ತಿರ್ಲಿಲ್ಲ ಅವರಿಗೆ."

ಒಂಬತ್ತು ವರ್ಷ ಆ ಮಣೆಯನ್ನು ನೋಡಿದ್ದೇನೆ, ಎಡವಿದ್ದೇನೆ, ಶಪಿಸಿದ್ದೇನೆ. ಅದಿಲ್ಲದೆ ಅವರು ಅಲ್ಲಿ ಹೇಗೆ ನಿಲ್ಲುತ್ತಾರೆಂದು ಇವತ್ತೇ ಕಂಡದ್ದು.

"ಈ ಕಟ್ಟೆ ಯಾರು ಕಟ್ಟಿಸಿದ್ದು ಅತ್ತೆ?"

"ನಮ್ಮತ್ತೆ. ಅವರು ನಿನ್ನ ಹಾಗೇ ಉದ್ದ."

"ಒಡೆಸಿ ತಗ್ಗಿಸ್ಬಹುದಿತ್ತಲ್ಲ?"

"ಯಾರಿಗೆ ಹೇಳೋದು? ಮದುವೆ ಆದ ಹೊಸದ್ರಲ್ಲಿ ನಿಮ್ಮ ಮಾವನ ಹತ್ರ ಒಂದ್ಸಲ ಅಂದೆ. ಮಾರನೇ ದಿನ ಈ ಮಣೆ ಮಾಡಿಸ್ಕೊಂಡು ಬಂದ್ರು. ಪಾಪ, ಅವರಿಗೆ ತಿಳಿದಿದ್ದು ಅಷ್ಟೇ." ಪಾತ್ರೆ ಇಳಿಸಿದರು. "ಮೇಸ್ತ್ರಿ ಮೊಣಕೈ ಮಡಚಿ ಅಂದಾಗ ನಂಗೆ ಹೇಳ್ಬೇಕು ಅಂತಾನೇ ಇತ್ತು ಕಣೇ, ನಾನಲ್ಲ ಅಂತ. ಬಾಯಿಗೆ ಬಂತು, ಆಚೆ ಬರ್ಲಿಲ್ಲ. ನನ್ನ ಅಳತೆ ಯಾರೂ ಕೇಳಿರ್ಲಿಲ್ಲ ನೋಡು, ಇಲ್ಲೀವರ್ಗೂ. ಒಂದು ಗಳಿಗೆ ನಿಂತ್ಕೊಳ್ಳೋಣ ಅನ್ನಿಸ್ತು. ನೀನು ಒಡೆಸ್ಕೋ. ನಿನ್ನ ಮನೆ ಅದು."

ನನಗೆ ಅಳು ಬಂತು. ಈರುಳ್ಳಿ ಇರಲಿಲ್ಲ, ಹೊಗೆ ಇರಲಿಲ್ಲ, ನೆಪ ಹೇಳಲು ಏನೂ ಸಿಗದೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಆಮೇಲೆ ಬಂದು ಸೌಟು ಕಿತ್ತುಕೊಂಡು "ಹೋಗಿ ಕೂತ್ಕೊಳ್ಳಿ" ಎಂದೆ. ಗದರಿಸಿದ ಹಾಗೇ ಬಂತು ಮಾತು. "ಉಪ್ಪು ಕಡಿಮೆ ಹಾಕು" ಎಂದು ಹೇಳಿಯೇ ಹೋದರು.

ಏಪ್ರಿಲ್ ೫

ಮೇಸ್ತ್ರಿ ಯಂತ್ರ ತಂದರು. ಒಲೆ, ನಲ್ಲಿ ಬರುವ ಕಡೆಯ ಅರ್ಧ ಕಟ್ಟೆಯನ್ನು ಮಾತ್ರ ಒಡೆದು ನನ್ನ ಮೊಣಕೈಗೆ ಎತ್ತರಿಸಲು ಹೇಳಿದೆ. ಕಿಟಕಿಯ ಕಡೆಯ ಅರ್ಧ ಹಾಗೇ ಇರಲಿ ಎಂದೆ.

"ಮೆಟ್ಟಿಲು ಥರ ಕಾಣುತ್ತಲ್ಲ ಅಕ್ಕ" ಎಂದರು.

"ಕಾಣ್ಲಿ. ಎಲ್ಲ ಒಡೆದ್ರೆ ಧೂಳು. ಕಲ್ಲು ಬೇರೆ ದಂಡ."

ಅದು ನಿಜವೇ. ಒಳ್ಳೆಯ ಕಲ್ಲನ್ನು ಯಾರು ಹಾಳುಮಾಡುತ್ತಾರೆ? ಇವರು ಏನೋ ಅರ್ಥವಾದವರಂತೆ ನನ್ನ ಮುಖ ನೋಡಿ ನಕ್ಕರು. ಅರ್ಥವಾಗಲು ಏನಿತ್ತು ಅದರಲ್ಲಿ?

ಏಪ್ರಿಲ್ ೧೯

ಸುಣ್ಣಬಣ್ಣ ಶುರು. ಅತ್ತೆ ಎಂದಿನಂತೆ ಬಕೆಟ್ಟು ಹಿಡಿದು ಬಂದರು. ಮೇಸ್ತ್ರಿ ಅಡ್ಡ ನಿಂತು, "ಅಮ್ಮ, ಇನ್ನು ನೀರು ಸಾಕು. ಗೋಡೆ ಗಟ್ಟಿಯಾಗಿ ಎಷ್ಟೋ ದಿನ ಆಯ್ತು. ಈಗ ಹಾಕಿದ್ರೆ ಬಣ್ಣ ಎದ್ದು ಬರುತ್ತೆ" ಎಂದರು.

"ಹೌದಾ? ಆಯ್ತಾ ಹಾಗಾದ್ರೆ?" ಎಂದರು ಅತ್ತೆ. ಒಮ್ಮೆ ಎಲ್ಲ ಗೋಡೆಗಳನ್ನೂ ಕೈಯಿಂದ ಸವರಿದರು. ಆಮೇಲೆ ಬಕೆಟ್ಟಿನ ನೀರನ್ನು ಬೀದಿಯ ಮರಕ್ಕೆ ಸುರಿದು, ಬಕೆಟ್ಟು ಬೋರಲು ಹಾಕಿ, ಮನೆಗೆ ಹೋದರು.

ಮೇ ೩

ಬಂದೆವು! ಸಾಮಾನು ಒಂದೇ ಗಾಡಿಗೆ ಮುಗಿಯಿತು. ಭಾವ ಮಾಡಿದ ಬಾಗಿಲು ಕೊಂಚವೂ ಕಿರುಗುಟ್ಟುವುದಿಲ್ಲ. ಉಪ್ಪಿನ ಡಬ್ಬಿಯನ್ನು ನನಗೆ ಬೇಕಾದಲ್ಲಿ ಇಟ್ಟೆ. ಸ್ವಲ್ಪ ಹೊತ್ತಿನ ಮೇಲೆ ತೆಗೆದು ಬೇರೆ ಕಡೆ ಇಟ್ಟೆ. ಕೇಳುವವರಿಲ್ಲ, ಹೇಳುವವರಿಲ್ಲ. ನಾನೇ ರಾಣಿ, ನಾನೇ ದಾಸಿ. ಅತ್ತೆ ಬಂದು ಎಲ್ಲ ನೋಡಿ, ನೆಂಟರ ಹಾಗೆ ಕುರ್ಚಿಯ ತುದಿಯಲ್ಲಿ ಕೂತು, ಚಹಾ ಕುಡಿದು ಹೊರಟರು. ಅಡುಗೆಮನೆಯೊಳಗೆ ಕಾಲಿಡಲಿಲ್ಲ.

ಮೇ ೭

ಎಷ್ಟು ನಿಶ್ಶಬ್ದ. ಚೆನ್ನಾಗಿದೆ.

ಮೇ ೧೦

ತಗ್ಗು ಕಟ್ಟೆಯ ಮೇಲೆ ಬೀಗದ ಕೈ, ಇವರ ಊಟದ ಡಬ್ಬಿ, ನನ್ನ ಕತ್ತರಿ, ಹಳೆಯ ಪೇಪರು, ಎಲ್ಲ ಬಂದು ಬೀಳುತ್ತಿವೆ. ಇವತ್ತು ಎಲ್ಲ ತೆಗೆದು ಒರೆಸಿದೆ. ಸಂಜೆಗೆ ಮತ್ತೆ ಅದೇ ಕಥೆ. ಇವರ ಮೇಲೆ ರೇಗಿದೆ.

"ಖಾಲಿ ಜಾಗ ತಾನೇ?" ಎಂದರು.

"ಖಾಲಿ ಅಂತ ಯಾರು ಹೇಳಿದ್ರು?" ಎಂದೆ. ಆ ಮಾತು ಯಾಕೆ ಬಂತೋ.

ಅಡುಗೆ ಸಪ್ಪೆ ಅನ್ನಿಸುತ್ತಿದೆ. ಉಪ್ಪು ಹೆಚ್ಚಿದ್ದರೂ ಇವರು ತಿನ್ನುತ್ತಾರೆ, ಕಡಿಮೆಯಾದರೂ ತಿನ್ನುತ್ತಾರೆ. ಹೀಗಾದರೆ ಕೈಗೆ ಹದ ಬರುವುದು ಹೇಗೆ?

ಮೇ ೧೨

ಅಂಗಡಿಯಿಂದ ಬರುತ್ತ ಹಳೆಯ ಮನೆಗೆ ಹೋದೆ. ಮಣೆ ವಾಪಸು ಬಂದಿದೆ, ಗಾರೆಯ ಕಲೆ ಹಾಗೇ ಇದೆ. ಅತ್ತೆ ಅದರ ಮೇಲೆ ನಿಂತಿದ್ದರು.

"ಯಾಕೆ ಬರ್ತಿಲ್ಲ ಅತ್ತೆ ಆ ಕಡೆ?"

"ಬಂದು ಏನು ಮಾಡ್ಲಿ? ಆಗ ಗೋಡೆಗೆ ನೀರು ಹಾಕೋ ಕೆಲಸ ಇತ್ತು. ಕೆಲಸ ಇಲ್ದೆ ಬಂದ್ರೆ ನೆಂಟರ ಥರ ಕೂರ್ಬೇಕು. ನಂಗೆ ಕೂರೋಕೆ ಬರಲ್ಲ ಕಣೇ."

"ಸುಮ್ನೆ ಬನ್ನಿ."

"ಸುಮ್ನೆ ಯಾರಾದ್ರೂ ಬರ್ತಾರಾ?"

ಹಠಮಾರಿ. ನನ್ನ ಹತ್ತಿರವೇ ಹೀಗಾಡಿದರೆ ಭಾವ, ಅಕ್ಕ ಹೇಗೆ ಸುಧಾರಿಸುತ್ತಾರೋ.

ಮೇ ೧೭

ಬೆಳಿಗ್ಗೆಯೇ ಮೇಸ್ತ್ರಿಯನ್ನು ಕರೆಸಿದೆ. ಮುಂಬಾಗಿಲ ಪಕ್ಕ ಕೂರಲು ಒಂದು ಕಟ್ಟೆ ಕಟ್ಟಿಕೊಡಿ ಎಂದೆ.

"ಇಷ್ಟು ಜಾಗದಲ್ಲಾ? ಕಾಲು ಚಾಚಿದ್ರೆ ಬೀದಿಗೆ ಬರುತ್ತೆ ಅಕ್ಕ."

"ಕಾಲು ಮಡಚಿಕೊಂಡು ಕೂರ್ತೀವಿ. ನೀವು ಕಟ್ಟಿ."

ಇವರು ಒಂದೂ ಪ್ರಶ್ನೆ ಕೇಳದೆ ಉಳಿದಿದ್ದ ಇಟ್ಟಿಗೆ ಹೊತ್ತು ತಂದರು. ಮಧ್ಯಾಹ್ನದೊಳಗೆ ಕಟ್ಟೆ ಎದ್ದು ನಿಂತಿತು. ಕೈ ತೊಳೆಯುವಾಗ ಮೇಸ್ತ್ರಿ ವಾಡಿಕೆಯಂತೆ, "ಒಂದು ವಾರ ನೀರು ಹಾಕ್ಬಿಡಿ ಅಕ್ಕ, ಸಾಕು" ಎಂದರು.

ಹೊರಗೆ ಕೂರಲು ಒಂದು ಕಟ್ಟೆ ಬೇಕೇಬೇಕಿತ್ತು. ಗಾಳಿ ಚೆನ್ನಾಗಿ ಬರುತ್ತದೆ ಅಲ್ಲಿ.

ಮೇ ೧೮

ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಹಳೆಯ ಮನೆಗೆ ಹೋದೆ.

"ಅತ್ತೆ, ಹೊಸ ಕಟ್ಟೆ ಕಟ್ಟಿಸಿದೀನಿ. ನೀರು ಹಾಕೋರಿಲ್ಲ. ನಾನು ಹೊರಟೆ, ಇವರು ಆಗಲೇ ಹೋದ್ರು. ಬಿಸಿಲಿಗೆ ಸೀಳು ಬಿಡುತ್ತೇನೋ."

ಅತ್ತೆ ಮಣೆಯಿಂದ ಇಳಿದರು. "ಇದನ್ನ ನಿನ್ನೆ ಹೇಳೋಕೇನಾಗಿತ್ತು ನಿಂಗೆ? ಸಿಮೆಂಟು ಕಾಯುತ್ತಾ? ಬಕೆಟ್ಟು ಎಲ್ಲಿಟ್ಟಿದೀಯ?" ಎಂದು ನನಗಿಂತ ಮುಂದೆ ಹೊರಟೇಬಿಟ್ಟರು. ಬೀಗದ ಕೈಯನ್ನು ಓಡಿಹೋಗಿ ಕೊಡಬೇಕಾಯಿತು.

ಸಂಜೆ ಬಂದಾಗ ಹೊರಗಿನ ಕಟ್ಟೆಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿತ್ತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಒಳಗೆ ಹೋಗಿರಲಿಲ್ಲ.

"ತರಕಾರಿ ಹೆಚ್ಚಿ ಕೊಡ್ತೀರಾ? ನಂಗೆ ಸುಸ್ತಾಗಿದೆ" ಎಂದೆ. ತಗ್ಗು ಕಟ್ಟೆಯ ಮೇಲಿನ ಪೇಪರು, ಕತ್ತರಿ, ಎಲ್ಲ ತೆಗೆದೆ.

ಅತ್ತೆ ಒಳಗೆ ಬಂದರು. ಕಟ್ಟೆಯ ಹತ್ತಿರ ಬಂದವರೇ ಬಲಗಾಲನ್ನು ಮೇಲೆತ್ತಿದರು, ಮಣೆ ಹತ್ತುವ ಹಾಗೆ. ಅಲ್ಲಿ ಮಣೆ ಇರಲಿಲ್ಲ. ಕಾಲು ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಮೆಲ್ಲಗೆ ನೆಲಕ್ಕೆ ಇಳಿಯಿತು. ಎರಡು ಕೈಗಳನ್ನೂ ಕಲ್ಲಿನ ಮೇಲಿಟ್ಟು ನಿಂತರು, ಬೆನ್ನು ನೆಟ್ಟಗೆ. ದರ್ಜಿಯ ಕಣ್ಣು ಸುಳ್ಳು ಹೇಳುವುದಿಲ್ಲ, ಮೊಣಕೈಗೆ ಸರಿಯಾಗಿ ನಾಲ್ಕು ಬೆರಳು ಕೆಳಗಿತ್ತು ಕಟ್ಟೆ.

ನಾನು ಒಲೆಯ ಕಡೆ ತಿರುಗಿಕೊಂಡೆ. ನೋಡುತ್ತ ನಿಲ್ಲುವುದು ಸರಿಯಲ್ಲ ಅನ್ನಿಸಿತು.

ಹೆಚ್ಚುತ್ತ ಹೆಚ್ಚುತ್ತ ಕೇಳಿದರು, "ಆ ಕಟ್ಟೆಗೆ ಎಷ್ಟು ದಿನ ನೀರು ಹಾಕ್ಬೇಕಂತೆ?"

"ಸಿಮೆಂಟು ಕಳಪೆ ಅತ್ತೆ. ತಿಂಗಳುಗಟ್ಟಲೆ ಹಾಕ್ಬೇಕಾಗುತ್ತೆ."

ಈ ಮನೆಯ ಒಂದೊಂದು ಗೋಡೆಗೂ ನೀರು ಕುಡಿಸಿದವರು. ಹೆಚ್ಚುವುದನ್ನು ನಿಲ್ಲಿಸಿ ನನ್ನ ಬೆನ್ನನ್ನೇ ನೋಡುತ್ತಿದ್ದಾರೆಂದು ಗೊತ್ತಾಯಿತು.

"ಹೌದು, ಕಳಪೆನೇ" ಎಂದರು. "ನಾನೂ ನೋಡಿದೆ."

"ನೀರು ಹಾಕುವಾಗ ಬಟ್ಟೆ ಒದ್ದೆ ಆಗುತ್ತೆ. ನಾಳೆ ಬರುವಾಗ ಬದಲಾಯಿಸೋಕೆ ತಂದಿಡಿ."

"ಎಷ್ಟು ಜೊತೆ ತರ್ಲಿ?"

"ಕಪಾಟಿನಲ್ಲಿ ಒಂದು ಖಾನೆ ಪೂರ್ತಿ ಖಾಲಿ ಇದೆ" ಎಂದೆ.

ಚಾಕುವಿನ ಟಕಟಕ ಮತ್ತೆ ಶುರುವಾಯಿತು. ಆಮೇಲೆ ಹಿಂದಿನಿಂದ ದನಿ: "ಉಪ್ಪಿನ ಡಬ್ಬಿ ಯಾರಾದ್ರೂ ಅಲ್ಲಿಡ್ತಾರಾ? ಈ ಕಡೆ ಇಡು."

ಇಟ್ಟೆ.